12345654321: ಒಂದು ದೊಡ್ಡ ಸಂಖ್ಯೆಯ ಜಾತಕ ಬರೆಯುವುದು ಹೇಗೆ

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಥರದವು. "ದೊಡ್ಡ ಸಂಖ್ಯೆ ಕೊಟ್ಟು ಇದಕ್ಕೆ ಅಪವರ್ತನ ಎಷ್ಟು ಅಂತ ಕೇಳಿದರೆ ಎಲ್ಲಿಂದ ಶುರು ಮಾಡಬೇಕು?" "ಇದು ಪೂರ್ಣವರ್ಗವೋ ಅಲ್ಲವೋ, ಕ್ಯಾಲ್ಕುಲೇಟರ್ ಇಲ್ಲದೆ ಹೇಗೆ ಹೇಳೋದು?" "ಮಗಳಿಗೆ ಒಂದು ಸಂಖ್ಯೆಯ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಏನು ಬರೆಸಲಿ?" ಕೇಳುವವರಲ್ಲಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವವರಿದ್ದಾರೆ, ಒಂಬತ್ತನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರಿದ್ದಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ: ಮೊದಲು ಸಂಖ್ಯೆಯನ್ನು ಒಡೆಯಿರಿ. ಒಡೆದಾದ ಮೇಲೆ ಉಳಿಯುವುದು ಬರೀ ಗುಣಾಕಾರ.

ಸುಮ್ನೆ ನಿಯಮ ಹೇಳಿಕೊಂಡು ಹೋದರೆ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಒಂದೇ ಸಂಖ್ಯೆಯನ್ನು ಹಿಡಿದು ಕೊನೆಯವರೆಗೆ ಹೋಗೋಣ. ನಾನು ಆರಿಸಿರುವುದು 12345654321. ಯಾರೋ ತಮಾಷೆಗೆ ಟೈಪ್ ಮಾಡಿದ ಹಾಗಿದೆ, ಅಲ್ವಾ? ಆದರೆ ಇದು ನಮ್ಮ ಕಡೆಯ ಹಳೇ ಸಂಖ್ಯೆ. ಕ್ರಿ.ಶ. 850ರ ಸುಮಾರಿಗೆ, ಮಾನ್ಯಖೇಟದಲ್ಲಿ (ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ) ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಈ ಸಂಖ್ಯೆ ಒಂದು ಗುಣಾಕಾರದ ಉತ್ತರವಾಗಿ ಬರುತ್ತದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಅಂತ ಅವರ ವರ್ಣನೆ. ಎಡದಿಂದಲೂ ಬಲದಿಂದಲೂ ಒಂದೇ ಥರ ಓದಿಸಿಕೊಳ್ಳುವ ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಆ ಗುಣಾಕಾರ ಯಾವುದು ಅನ್ನುವುದನ್ನು ಮೂರನೇ ಹಂತದಲ್ಲಿ ನೋಡೋಣ. ಈಗಲೇ ಹೇಳಿದರೆ ಮಜಾ ಹೋಗುತ್ತದೆ.

ಬೇಕಾಗುವುದು ಇಷ್ಟೇ: ಚೌಕುಳಿ ಗೆರೆಯ ಲೆಕ್ಕದ ಪುಸ್ತಕ, ಪೆನ್ನು, ಒಂದು ಗಂಟೆ ಬಿಡುವು. ತಾಳೆ ನೋಡಲು ಅಂಗಡಿಗಳಲ್ಲಿ ಇಡುವ 12 ಅಂಕಿಯ ಕ್ಯಾಲ್ಕುಲೇಟರ್ ಸಾಕು. ಕಾಲೇಜು ಹುಡುಗರ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಸಾಮಾನ್ಯವಾಗಿ ಹತ್ತೇ ಅಂಕಿ ಕಾಣಿಸುತ್ತದೆ. ನಮ್ಮದು ಹನ್ನೊಂದು ಅಂಕಿ. ಅದು ಕೊನೆಯ 1 ನುಂಗಿ ಹಾಕಿ ಉತ್ತರ ತೋರಿಸುತ್ತದೆ, ನೀವು ಅದನ್ನೇ ನಂಬಿ ಬರೆದುಕೊಳ್ಳುತ್ತೀರಿ.

ಮೂರು ಪದ ಗೊತ್ತಿದ್ದರೆ ಸಾಕು. ಒಂದು ಸಂಖ್ಯೆಯನ್ನು ಶೇಷ ಉಳಿಯದ ಹಾಗೆ ಭಾಗಿಸುವುದು ಅದರ ಅಪವರ್ತನ. ಭಾಜಕ ಅಂದರೂ ಅದೇ. 1 ಮತ್ತು ತಾನು ಬಿಟ್ಟು ಬೇರೆ ಅಪವರ್ತನವೇ ಇಲ್ಲದ್ದು ಅವಿಭಾಜ್ಯ: 2, 3, 5, 7, 11, 13 ಹೀಗೆ. ಒಂದೇ ಅವಿಭಾಜ್ಯ ಎಷ್ಟು ಸಲ ಬರುತ್ತದೆ ಅನ್ನುವುದು ಅದರ ಘಾತ. 49 ಅಂದರೆ 7 × 7, ಹಾಗಾಗಿ 7ರ ಘಾತ 2.

ಹಂತ 1: ಅಲ್ಪವಿರಾಮ ತೆಗೆದುಹಾಕಿ

ನಮ್ಮ ಪದ್ಧತಿಯಲ್ಲಿ ಬರೆದರೆ ಇದು 12,34,56,54,321. ಓದುವುದು ಹೀಗೆ: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಓದಲು ಈ ಅಲ್ಪವಿರಾಮ ಒಳ್ಳೆಯದು. ಲೆಕ್ಕಕ್ಕೆ ಮಾತ್ರ ಅದೇ ಶತ್ರು.

ಏಕೆ ಅಂದರೆ, ಮುಂದೆ ನಾವು ಈ ಅಂಕಿಗಳನ್ನು ಎರಡು ರೀತಿಯಲ್ಲಿ ಕಟ್ಟಬೇಕಾಗುತ್ತದೆ. ವರ್ಗಮೂಲಕ್ಕೆ ಬಲದಿಂದ ಎರಡೆರಡು: 1 | 23 | 45 | 65 | 43 | 21. ಭಾಗಾಕಾರದ ಪರೀಕ್ಷೆಗೆ ಬಲದಿಂದ ಮೂರುಮೂರು: 12 | 345 | 654 | 321. ನಮ್ಮ ಅಲ್ಪವಿರಾಮದ ಪದ್ಧತಿ ಇವೆರಡೂ ಅಲ್ಲ, ಬಲಗಡೆ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು. 12, 34, 56 ಅಂತ ಜೋಡಿ ಕಣ್ಣಿಗೆ ಕಾಣುತ್ತಿದ್ದರೆ ಕೈ ತಾನಾಗಿ ಅದನ್ನೇ ಹಿಡಿದುಕೊಳ್ಳುತ್ತದೆ. ನಾನು ನೋಡಿದ ತಪ್ಪು ವರ್ಗಮೂಲಗಳಲ್ಲಿ ಜಾಸ್ತಿ ತಪ್ಪು ಇಲ್ಲೇ ಶುರುವಾಗಿರುತ್ತದೆ.

ಇನ್ನೊಂದು ಸಣ್ಣ ವಿಷಯ. ಮಹಾವೀರಾಚಾರ್ಯರು ಏಕ, ದಶ, ಶತದಿಂದ ಶುರುಮಾಡಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವರ ಪಟ್ಟಿಯಲ್ಲಿ ಹನ್ನೊಂದನೆಯದು ಅರ್ಬುದ. ಅಂದರೆ ನಮ್ಮ ಸಂಖ್ಯೆಯ ಎಡತುದಿಯ 1 ಇರುವುದು ಅರ್ಬುದದ ಮನೆಯಲ್ಲಿ, ಸಾವಿರ ಕೋಟಿಯ ಮನೆಯಲ್ಲಿ. ಹಿಂದಿಯವರ 'ಅರಬ್' ನೂರು ಕೋಟಿ. ಹೆಸರು ಒಂದೇ ಥರ ಕೇಳಿಸುತ್ತದೆ ಅಂತ ಎರಡನ್ನೂ ಒಂದು ಮಾಡಬೇಡಿ.

ಹಂತ 2: ಪೂರ್ಣವರ್ಗವೇ ಅಂತ ನೋಡಿ

ನೇರವಾಗಿ ಭಾಗಿಸಲು ಕೂರಬೇಡಿ. ಮೊದಲು ಇದು ಪೂರ್ಣವರ್ಗವೇ, ಅಂದರೆ ಯಾವುದಾದರೂ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಬಂದದ್ದೇ ಅಂತ ನೋಡಿ. ಹೌದಾದರೆ ಹನ್ನೊಂದು ಅಂಕಿಯ ಕೆಲಸ ಆರು ಅಂಕಿಗೆ ಇಳಿಯುತ್ತದೆ.

ಎರಡು ಜರಡಿ ಇವೆ. ಪೂರ್ಣವರ್ಗದ ಕೊನೆಯ ಅಂಕಿ 2, 3, 7, 8 ಆಗುವುದಿಲ್ಲ. ನಮ್ಮದು 1, ಪಾಸು. ಅಂಕಿಗಳನ್ನೆಲ್ಲ ಕೂಡಿ, ಬಂದದ್ದನ್ನು ಮತ್ತೆ ಕೂಡಿ ಒಂದೇ ಅಂಕಿ ಮಾಡಿದರೆ ಪೂರ್ಣವರ್ಗಕ್ಕೆ 1, 4, 7, 9 ಮಾತ್ರ ಬರಬೇಕು. ನಮ್ಮ ಅಂಕಿಗಳ ಮೊತ್ತ 36, ಮತ್ತೆ ಕೂಡಿದರೆ 9. ಇದೂ ಪಾಸು.

ಎಚ್ಚರ: ಈ ಜರಡಿಗಳು 'ಅಲ್ಲ' ಅಂತ ಹೇಳಬಲ್ಲವು, 'ಹೌದು' ಅಂತ ಹೇಳಲಾರವು. 171 ತೆಗೆದುಕೊಳ್ಳಿ. ಕೊನೆಯ ಅಂಕಿ 1, ಮೊತ್ತ 9. ಎರಡರಲ್ಲೂ ಪಾಸಾದರೂ ಅದು ಪೂರ್ಣವರ್ಗ ಅಲ್ಲ. 13ರ ವರ್ಗ 169, 14ರದ್ದು 196. ಆದ್ದರಿಂದ ವರ್ಗಮೂಲ ತೆಗೆದೇ ನೋಡಬೇಕು.

ಹಳೇ ಭಾಗಾಕಾರದ ವಿಧಾನ ಮರೆತುಹೋಗಿದ್ದರೆ ನನ್ನ ಜೊತೆಯೇ ಬರೆಯುತ್ತಾ ಬನ್ನಿ. ಜೋಡಿಗಳು 1 | 23 | 45 | 65 | 43 | 21. ಆರು ಗುಂಪು, ಹಾಗಾಗಿ ಮೂಲಕ್ಕೆ ಆರು ಅಂಕಿ.

ಮೊದಲ ಗುಂಪು 1. ಅದರ ಮೂಲ 1, ಶೇಷ 0. ಮುಂದಿನ 23 ಇಳಿಸಿ. ಇಲ್ಲಿಯವರೆಗೆ ಬಂದ ಮೂಲದ ಎರಡರಷ್ಟು ಬರೆಯಿರಿ: 2. ಅದರ ಪಕ್ಕ ಒಂದು ಅಂಕಿ ಇಟ್ಟು, ಅದೇ ಅಂಕಿಯಿಂದ ಗುಣಿಸಿದಾಗ 23 ಮೀರಬಾರದು. 22 × 2 = 44 ಜಾಸ್ತಿಯಾಯಿತು. 21 × 1 = 21 ಸರಿ. ಶೇಷ 2.

45 ಇಳಿಸಿ, 245 ಆಯಿತು. ಮೂಲ ಈಗ 11, ಎರಡರಷ್ಟು 22, ಪಕ್ಕದಲ್ಲಿ 1 ಇಟ್ಟರೆ 221. ಶೇಷ 24.

65 ಇಳಿಸಿ: 2465 − 2221 = 244.

43 ಇಳಿಸಿ: 24443 − 22221 = 2222.

21 ಇಳಿಸಿ: 222221 − 222221 = 0.

ಮೂಲ 111111. ಶೇಷ ಇಲ್ಲ. ಪೂರ್ಣವರ್ಗವೇ! ಎಡಗಡೆ 21, 221, 2221 ಅಂತ ಬೆಳೆಯುವುದನ್ನು ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದು ನೋಡಿ. ಕ್ಯಾಲ್ಕುಲೇಟರ್‌ನ ಬಟನ್ ಒತ್ತಿದವರಿಗೆ ಇದು ಕಾಣಿಸುವುದಿಲ್ಲ.

ಈ ಏರಿಳಿತ ಯಾಕೆ ಬಂತು ಅಂತ ಕೇಳುವವರು 111111 × 111111 ಅನ್ನು ಶಾಲೆಯ ಪದ್ಧತಿಯಲ್ಲಿ ಗುಣಿಸಿ. ಆರು ಸಾಲು, ಪ್ರತಿ ಸಾಲಿನಲ್ಲೂ ಆರು ಒಂದುಗಳು, ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಬಿಡಿ ಸ್ಥಾನದಲ್ಲಿ ಒಂದೇ 1, ಹತ್ತರ ಸ್ಥಾನದಲ್ಲಿ ಎರಡು, ನಡುವಿನಲ್ಲಿ ಆರು, ಮತ್ತೆ ಕಡಿಮೆಯಾಗುತ್ತಾ ಒಂದು. ಎಲ್ಲೂ ಹತ್ತು ಮುಟ್ಟುವುದಿಲ್ಲ, ಹಾಗಾಗಿ ದಶಕ ಕೂಡುವ ಗೋಜಿಲ್ಲ. ಒಂಬತ್ತು ಒಂದುಗಳವರೆಗೂ ಈ ಆಟ ನಡೆಯುತ್ತದೆ: 111111111ರ ವರ್ಗ 12345678987654321. ಹತ್ತು ಒಂದುಗಳಿಗೆ ಹೋದರೆ ನಡುವೆ 10 ಬಂದು ದಶಕ ಎಡಕ್ಕೆ ಹಾರುತ್ತದೆ, ಉತ್ತರ 1234567900987654321 ಆಗುತ್ತದೆ. 'ಇದೇ ರೀತಿ ಎಷ್ಟು ಬೇಕಾದರೂ ಮುಂದುವರಿಸಬಹುದು' ಅಂತ ಪ್ರಾಜೆಕ್ಟ್‌ನಲ್ಲಿ ಬರೆಯಬೇಡಿ.

ಹಂತ 3: ಒಡೆಯಿರಿ

ಈಗ ಒಡೆಯಬೇಕಾದ್ದು 111111 ಮಾತ್ರ. ಅಂಕಿಗಳ ಮೊತ್ತ 6, ಹಾಗಾಗಿ 3ರಿಂದ ಹೋಗುತ್ತದೆ: 37037. ಇದನ್ನು ಕಣ್ಣು ಕಿರಿದು ಮಾಡಿ ನೋಡಿ. 37 ಸಾವಿರ ಮತ್ತು 37. ಅಂದರೆ 37 × 1001. ಉಳಿದ 1001 ಅಂದರೆ 7 × 11 × 13. ಈ ಕೊನೆಯದನ್ನು ಬಾಯಿಪಾಠ ಮಾಡಿಕೊಳ್ಳಿ, ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

111111 = 3 × 7 × 11 × 13 × 37

ವರ್ಗ ಮಾಡಿದರೆ ಪ್ರತಿಯೊಂದೂ ಎರಡು ಸಲ:

12345654321 = 3² × 7² × 11² × 13² × 37²

ಈ ಒಂದು ಸಾಲೇ ಇಡೀ ಜಾತಕ.

ನಿಮ್ಮ ಕೈಗೆ ಸಿಗುವ ಸಂಖ್ಯೆ ಪೂರ್ಣವರ್ಗ ಆಗಿರಲೇಬೇಕು ಅಂತಿಲ್ಲ. ಆಗ ಮೂರುಮೂರು ಅಂಕಿಯ ಗುಂಪು ಉಪಯೋಗಕ್ಕೆ ಬರುತ್ತದೆ. 12 | 345 | 654 | 321. ಬಲದಿಂದ ಒಂದು ಬಿಟ್ಟು ಒಂದು ಕಳೆಯುತ್ತಾ, ಕೂಡುತ್ತಾ ಬನ್ನಿ: 321 − 654 + 345 − 12 = 0. ಸೊನ್ನೆ ಬಂದರೆ ಸಂಖ್ಯೆ 1001ರಿಂದ ಭಾಗವಾಗುತ್ತದೆ, ಅಂದರೆ 7, 11, 13 ಮೂರೂ ಒಂದೇ ಏಟಿಗೆ ಸಿಕ್ಕವು. ಸೊನ್ನೆ ಬರದಿದ್ದರೆ ಬಂದ ಸಣ್ಣ ಸಂಖ್ಯೆಯನ್ನು 7, 11, 13ರಿಂದ ಭಾಗಿಸಿ ನೋಡಿದರೆ ಆಯಿತು. ಅದೇ ಗುಂಪುಗಳನ್ನು ಕಳೆಯದೆ ಬರೀ ಕೂಡಿ: 12 + 345 + 654 + 321 = 1332. ಇದು 37 × 36. ಹಾಗಾಗಿ ಮೂಲ ಸಂಖ್ಯೆಯೂ 37ರಿಂದ ಭಾಗವಾಗುತ್ತದೆ. 999 ಅಂದರೆ 27 × 37, ಅದಕ್ಕೇ ಈ ಉಪಾಯ ನಡೆಯುತ್ತದೆ.

ಇಲ್ಲಿ ಬೀಳುವ ಹಳ್ಳ ಒಂದಿದೆ. 'ನೋಡಲು ಹಾಗೇ ಇದೆ' ಅಂತ ಅಪವರ್ತನ ಊಹಿಸುವುದು. 121 ನಮ್ಮ ಸಂಖ್ಯೆಯ ಅಪವರ್ತನ. 12321 ಕೂಡ ಹೌದು. ಹಾಗಾದರೆ 1234321? ಅಲ್ಲ. ಅದು 1111ರ ವರ್ಗ. 1111 ಅಂದರೆ 11 × 101, ನಮ್ಮ ಪಟ್ಟಿಯಲ್ಲಿ 101 ಇಲ್ಲವೇ ಇಲ್ಲ. ಆರು ಒಂದುಗಳನ್ನು ಎರಡೆರಡಾಗಿ, ಮೂರುಮೂರಾಗಿ ಕಟ್ಟಬಹುದು. ನಾಲ್ಕುನಾಲ್ಕಾಗಿ ಕಟ್ಟಿದರೆ ಎರಡು ಮಿಕ್ಕುತ್ತವೆ.

ಈಗ ಮಹಾವೀರಾಚಾರ್ಯರ ಗುಣಾಕಾರ: 27994681 × 441. ಗ್ರಂಥದಲ್ಲಿ ಇದು ಗುಣಾಕಾರದ ಅಭ್ಯಾಸವಾಗಿ ಬರುತ್ತದೆ, ಉತ್ತರ ನಮ್ಮ ಹಾರ. ಮೇಲಿನ ಸಾಲು ಕೈಯಲ್ಲಿದ್ದರೆ ಇದರ ಒಳಗುಟ್ಟು ತಕ್ಷಣ ಗೊತ್ತಾಗುತ್ತದೆ. 441 ಅಂದರೆ 21ರ ವರ್ಗ, ಅಂದರೆ 3² × 7². ಇನ್ನೊಂದು 5291ರ ವರ್ಗ, ಅದು 11² × 13² × 37². ಐದು ಅವಿಭಾಜ್ಯಗಳಲ್ಲಿ ಎರಡನ್ನು ಒಂದು ಕಡೆ, ಮೂರನ್ನು ಇನ್ನೊಂದು ಕಡೆ ಇಟ್ಟಿದ್ದಾರೆ. ಹೀಗೆ ಎರಡು ವರ್ಗಗಳಾಗಿ ಬೇರ್ಪಡಿಸಲು ಒಟ್ಟು 16 ದಾರಿ ಇವೆ, 1 × 12345654321 ಕೂಡ ಸೇರಿ. ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಉಳಿದ 15 ಹುಡುಕಲು ಬಿಡಿ, ಎರಡು ದಿನ ಮನೆಯಲ್ಲಿ ಶಾಂತಿ.

ಹಂತ 4: ಅಪವರ್ತನ ಎಷ್ಟು, ಎಣಿಸಿ

ಪರೀಕ್ಷೆಗಳಲ್ಲಿ ಜಾಸ್ತಿ ಕೇಳುವುದು ಇದನ್ನೇ. ನಿಯಮ ಚಿಕ್ಕದು: ಪ್ರತಿ ಘಾತಕ್ಕೂ 1 ಕೂಡಿ, ಎಲ್ಲವನ್ನೂ ಗುಣಿಸಿ. ನಮ್ಮಲ್ಲಿ ಐದು ಘಾತಗಳು, ಎಲ್ಲವೂ 2. ಹಾಗಾಗಿ 3 × 3 × 3 × 3 × 3 = 243.

1 ಯಾಕೆ ಕೂಡಬೇಕು? ಒಂದು ಅಪವರ್ತನ ತಯಾರಿಸಲು ಪ್ರತಿ ಅವಿಭಾಜ್ಯವನ್ನೂ ಕೇಳಬೇಕು, 'ನಿನ್ನನ್ನು ಎಷ್ಟು ಸಲ ಹಾಕಲಿ?' 3ಕ್ಕೆ ಮೂರು ಉತ್ತರ: ಬೇಡವೇ ಬೇಡ, ಒಂದು ಸಲ, ಎರಡು ಸಲ. 'ಬೇಡ' ಅನ್ನುವುದೂ ಒಂದು ಆಯ್ಕೆ. ಅದನ್ನು ಮರೆತವರಿಗೆ 32 ಬರುತ್ತದೆ, ಘಾತಗಳನ್ನು ಕೂಡಿದವರಿಗೆ 10 ಬರುತ್ತದೆ. ಎರಡೂ ತಪ್ಪು. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಇದು ಗೊತ್ತು, ಆಯ್ಕೆಗಳಲ್ಲಿ 32 ಮತ್ತು 10 ಎರಡನ್ನೂ ಇಟ್ಟಿರುತ್ತಾರೆ.

ತಾಳೆ ನೋಡಲು ಒಂದು ಸುಲಭ ದಾರಿ: ಪೂರ್ಣವರ್ಗದ ಅಪವರ್ತನಗಳ ಎಣಿಕೆ ಯಾವಾಗಲೂ ಬೆಸ ಸಂಖ್ಯೆ. ಅಪವರ್ತನಗಳು ಜೋಡಿಯಾಗಿ ಬರುತ್ತವೆ. 9ಕ್ಕೆ ಜೋಡಿ 1371739369, 441ಕ್ಕೆ ಜೋಡಿ 27994681. ಆದರೆ 111111ಕ್ಕೆ ಜೋಡಿ ಅದೇ. 121 ಜೋಡಿ, ಮಿಕ್ಕಿದ್ದು ಒಂಟಿ 111111. ಒಟ್ಟು 243, ಸರಿಹೋಯಿತು.

ಹಂತ 5: ಅಪವರ್ತನಗಳ ಮೊತ್ತ, ಮತ್ತು ಒಂದು ಫ್ರೆಂಚ್ ಪತ್ರ

243 ಅಪವರ್ತನಗಳನ್ನು ಪಟ್ಟಿ ಮಾಡಿ ಕೂಡಬೇಕಾಗಿಲ್ಲ. ಪ್ರತಿ ಅವಿಭಾಜ್ಯಕ್ಕೂ ಒಂದು ಸಣ್ಣ ಮೊತ್ತ ಮಾಡಿ: 1, ಆ ಸಂಖ್ಯೆ, ಅದರ ವರ್ಗ.

3ಕ್ಕೆ 1 + 3 + 9 = 13
7ಕ್ಕೆ 1 + 7 + 49 = 57
11ಕ್ಕೆ 1 + 11 + 121 = 133
13ಕ್ಕೆ 1 + 13 + 169 = 183
37ಕ್ಕೆ 1 + 37 + 1369 = 1407

ಇವನ್ನು ಗುಣಿಸುತ್ತಾ ಹೋಗಿ. 13 × 57 = 741. ಅದನ್ನು 133ರಿಂದ ಗುಣಿಸಿದರೆ 98,553. 183ರಿಂದ ಗುಣಿಸಿದರೆ 1,80,35,199. ಕೊನೆಗೆ 1407ರಿಂದ: 25,37,55,24,993.

ಇದರಲ್ಲಿ ಸಂಖ್ಯೆ ತಾನೂ ಸೇರಿದೆ. ಅದನ್ನು ಕಳೆದರೆ 13,02,98,70,672. ಈಗ ಹೋಲಿಸಿ. ನಮ್ಮ ಸಂಖ್ಯೆ 1234 ಕೋಟಿ ಚಿಲ್ಲರೆ, ತನ್ನನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತ 1302 ಕೋಟಿ ಚಿಲ್ಲರೆ. ಅಪವರ್ತನಗಳೇ ಸಂಖ್ಯೆಯನ್ನು ಮೀರಿಸಿವೆ. ಮೊತ್ತ ಸಂಖ್ಯೆಗೆ ಸರಿಯಾಗಿ ಸಮವಾದರೆ ಅದನ್ನು ಪರಿಪೂರ್ಣ ಸಂಖ್ಯೆ ಅನ್ನುತ್ತಾರೆ: 6 = 1 + 2 + 3. ಮೀರಿದರೆ ಸಮೃದ್ಧ ಅನ್ನೋಣ, ಕಡಿಮೆಯಾದರೆ ಕೊರತೆಯದು. ಸಮ ಸಂಖ್ಯೆಗಳಲ್ಲಿ ಸಮೃದ್ಧದವು ಬೇಕಾದಷ್ಟು ಸಿಗುತ್ತವೆ, 12ರಿಂದಲೇ ಶುರು. ಬೆಸ ಸಂಖ್ಯೆಗಳಲ್ಲಿ ಅಪರೂಪ, ಮೊದಲನೆಯದು ಸಿಗಲು 945ರವರೆಗೆ ಹೋಗಬೇಕು. ನಮ್ಮ ಹಾರ ಅಂಥ ಬೆಸ ಸಂಖ್ಯೆಗಳಲ್ಲಿ ಒಂದು. ಅದರ ಮೂಲ 111111 ಮಾತ್ರ ಕೊರತೆಯದು!

ಈಗ ಮೇಲಿನ ಗುಣಾಕಾರದಲ್ಲಿ 37ಕ್ಕೆ ಮುಂಚಿನ ಮೆಟ್ಟಿಲಿಗೆ ವಾಪಸ್ ಬನ್ನಿ. 3² × 7² × 11² × 13² ಅಂದರೆ 90,18,009, ಅದು 3003ರ ವರ್ಗ. ಅದರ ಅಪವರ್ತನಗಳ ಮೊತ್ತ 1,80,35,199. ಪರಿಪೂರ್ಣ ಆಗಲು ಎರಡರಷ್ಟು ಬೇಕಿತ್ತು, ಅಂದರೆ 1,80,36,018. ಕೊರತೆ ಎಷ್ಟು ಗೊತ್ತಾ? ಬರೀ 819. ಕೋಟಿ ಮೀರಿದ ಲೆಕ್ಕದಲ್ಲಿ 819.

ಇದೇ 9018009 ಮೇಲೆ ಫ್ರಾನ್ಸಿನ ತತ್ವಜ್ಞಾನಿ, ಗಣಿತಜ್ಞ ರೆನೆ ಡೆಕಾರ್ಟ್ ಕಣ್ಣು ಹಾಕಿದ್ದರು. 1638ರಲ್ಲಿ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಮೆರ್ಸೆನ್ ಅವರಿಗೆ ಬರೆದ ಪತ್ರದಲ್ಲಿ ಅವರು ಇದನ್ನು 22021ರಿಂದ ಗುಣಿಸಿ 198585576189 ಪಡೆದರು. 22021 ಅವಿಭಾಜ್ಯ ಆಗಿದ್ದಿದ್ದರೆ ಅದು ಪರಿಪೂರ್ಣ ಸಂಖ್ಯೆ ಆಗುತ್ತಿತ್ತು ಅಂತ ಅವರ ಮಾತು. ನೀವೇ ಮಾಡಿ ನೋಡಿ: 22021ಕ್ಕೆ 1 + 22021 = 22022 ಅಂತ ಹಾಕಿ 18035199 ಜೊತೆ ಗುಣಿಸಿದರೆ 397171152378. ಸರಿಯಾಗಿ ಎರಡರಷ್ಟು! ತೊಂದರೆ ಒಂದೇ. 22021 ಅವಿಭಾಜ್ಯ ಅಲ್ಲ, ಅದು 19 × 19 × 61. ಬೆಸ ಪರಿಪೂರ್ಣ ಸಂಖ್ಯೆ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ. ಇದ್ದರೆ ಅದು 1ರ ಮುಂದೆ 1500 ಸೊನ್ನೆ ಇಟ್ಟದ್ದಕ್ಕಿಂತ ದೊಡ್ಡದಿರಬೇಕು ಅಂತ 2012ರಲ್ಲಿ ಸಾಧಿಸಲಾಗಿದೆ.

ಡೆಕಾರ್ಟ್ 'ಆಗಿದ್ದಿದ್ದರೆ' ಅಂತ ತಿಳಿದೇ ಬರೆದರು. ನಾವು ತಿಳಿಯದೆ ಅದೇ ಕೆಲಸ ಮಾಡುತ್ತೇವೆ, ಅದೇ ಈ ಹಂತದ ದೊಡ್ಡ ಹಳ್ಳ. ಒಡೆಯುತ್ತಾ ಹೋಗಿ ಕೊನೆಗೆ ಒಂದು ಒರಟು ಸಂಖ್ಯೆ ಉಳಿಯುತ್ತದೆ, 'ಇದು ಅವಿಭಾಜ್ಯವೇ ಇರಬೇಕು' ಅಂತ ಬಿಟ್ಟುಬಿಡುತ್ತೇವೆ. ಉಳಿದದ್ದರ ವರ್ಗಮೂಲದವರೆಗೆ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡದೆ ಆ ಮಾತು ಹೇಳಬೇಡಿ. 22021ಕ್ಕೆ 148ರವರೆಗೆ ನೋಡಿದರೆ ಸಾಕಿತ್ತು, 19ರಲ್ಲೇ ಸಿಕ್ಕಿಬೀಳುತ್ತದೆ.

ಹಂತ 6: ಎರಡು ವರ್ಗಗಳ ಮೊತ್ತವಾಗಿ ಬರೆಯಿರಿ

ಕರ್ಣ 111111 ಇರುವ ಲಂಬಕೋನ ತ್ರಿಕೋನ ಇದೆಯೇ, ಎಲ್ಲ ಬಾಹುಗಳೂ ಪೂರ್ಣ ಸಂಖ್ಯೆಗಳಾಗಿ? ಇದನ್ನು ತಿಳಿಯಲು ಅವಿಭಾಜ್ಯಗಳನ್ನು 4ರಿಂದ ಭಾಗಿಸಿ ಶೇಷ ನೋಡಿ. 3, 7, 11ಕ್ಕೆ ಶೇಷ 3. ಇವು ಈ ಆಟಕ್ಕೆ ಬರುವುದಿಲ್ಲ, ಬರೀ ಗುಣಕಗಳಾಗಿ ಹೊರಗೆ ನಿಲ್ಲುತ್ತವೆ. 13, 37ಕ್ಕೆ ಶೇಷ 1. ಇಂಥ ಅವಿಭಾಜ್ಯಗಳು ಎರಡು ವರ್ಗಗಳಾಗಿ ಒಡೆಯುತ್ತವೆ: 13 = 9 + 4, 37 = 36 + 1. ಶೇಷ 1 ಬರುವ ಬೇರೆ ಬೇರೆ ಅವಿಭಾಜ್ಯ ಎರಡು, ಕರ್ಣದಲ್ಲಿ ಒಂದೊಂದೇ ಸಲ ಇದ್ದರೆ ತ್ರಿಕೋನ ನಾಲ್ಕು.

ಕೆಲಸ 13 × 37 = 481ರ ಮೇಲೆ ಮಾಡಿ. 481 = 16² + 15², ಮತ್ತು 481 = 20² + 9². ಮಹಾವೀರಾಚಾರ್ಯರ ಭಾಷೆಯಲ್ಲಿ ಇವು 'ಬೀಜ'ಗಳು. ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಎರಡರಷ್ಟು ಇನ್ನೊಂದು ಬಾಹು, ವರ್ಗಗಳ ಮೊತ್ತ ಕರ್ಣ. 16, 15ರಿಂದ 31, 480, 481. ಉಳಿದ 3 × 7 × 11 = 231ರಿಂದ ಎಲ್ಲವನ್ನೂ ಗುಣಿಸಿ: 7161, 110880, 111111.

ತಾಳೆ ನೋಡೋಣ. 7161ರ ವರ್ಗ 51279921. 110880ರ ವರ್ಗ 12294374400. ಕೂಡಿದರೆ 12345654321. ನನಗೆ ಇಡೀ ಲೇಖನದಲ್ಲಿ ಜಾಸ್ತಿ ಖುಷಿ ಕೊಟ್ಟ ಕೂಡಿಕೆ ಇದು. ಅಂದಚಂದ ಇಲ್ಲದ ಎರಡು ಸಂಖ್ಯೆ ಸೇರಿ ಹಾರ ಕಟ್ಟಿಕೊಳ್ಳುತ್ತವೆ.

ಉಳಿದ ಮೂರು ಜೋಡಿ: 73689 ಮತ್ತು 83160 (20, 9 ಬೀಜದಿಂದ), 42735 ಮತ್ತು 102564 (5, 12, 13ರಿಂದ), 36036 ಮತ್ತು 105105 (12, 35, 37ರಿಂದ). ಗಣಿತಸಾರಸಂಗ್ರಹದಲ್ಲೂ ಇಂಥದ್ದೇ ಲೆಕ್ಕ ಇದೆ: ಕರ್ಣ 65 ಇರುವ ಆಯತಗಳು. 16-63, 25-60, 33-56, 39-52, ಅಲ್ಲೂ ನಾಲ್ಕೇ. 65 ಅಂದರೆ 5 × 13, ಎರಡಕ್ಕೂ ಶೇಷ 1. ಕಾರಣ ಅದೇ.

ಹಂತ 7: ಇನ್ನೆರಡು ಸಾಲು

1ರಿಂದ 12345654321ರವರೆಗಿನ ಸಂಖ್ಯೆಗಳಲ್ಲಿ ಎಷ್ಟಕ್ಕೆ ನಮ್ಮ ಸಂಖ್ಯೆಯ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ? ಪ್ರತಿ ಅವಿಭಾಜ್ಯದಲ್ಲಿ ಒಂದು ಕಳೆದು ಗುಣಿಸಿ: 2 × 6 × 10 × 12 × 36 = 51840. ಅದನ್ನು 111111ರಿಂದ ಗುಣಿಸಿದರೆ 5,75,99,94,240. ಅಷ್ಟೇ.

ಇನ್ನೊಂದು, ಕಂಪ್ಯೂಟರ್ ಓದುವವರಿಗೆ. ಹತ್ತರ ಬದಲು ಏಳರ ಪದ್ಧತಿಯಲ್ಲಿ, ಅಂದರೆ 0ಯಿಂದ 6ರವರೆಗಿನ ಅಂಕಿಗಳಲ್ಲೇ ಬರೆಯುವ ಲೆಕ್ಕದಲ್ಲಿ, 12345654321 ಅಂತ ಬರೆದರೂ ಅದು ಪೂರ್ಣವರ್ಗವೇ. ನಮ್ಮ ಹತ್ತರ ಲೆಕ್ಕಕ್ಕೆ ತಂದರೆ ಅದು 384473664, 19608ರ ವರ್ಗ. ಏಳು ಮತ್ತು ಅದರ ಮೇಲಿನ ಯಾವ ಪದ್ಧತಿಯಲ್ಲಾದರೂ ಇದು ನಡೆಯುತ್ತದೆ, ದಶಕ ಬರದಿದ್ದರೆ ಸಾಕು. ಆರರ ಪದ್ಧತಿಯಲ್ಲಿ 6 ಅನ್ನುವ ಅಂಕಿಯೇ ಇಲ್ಲ.

ಹಂತ 8: ಯಂತ್ರದಲ್ಲಿ ತಾಳೆ ನೋಡಿ

ಲಿನಕ್ಸ್ ಇದ್ದರೆ ಟರ್ಮಿನಲ್‌ನಲ್ಲಿ ಫ್ಯಾಕ್ಟರ್ ಅನ್ನುವ ಆಜ್ಞೆ ಕೊಟ್ಟು ಪಕ್ಕದಲ್ಲಿ ಸಂಖ್ಯೆ ಬರೆಯಿರಿ. 3 3 7 7 11 11 13 13 37 37 ಅಂತ ಬರುತ್ತದೆ. ಪೈಥಾನ್‌ನಲ್ಲಿ ಪೂರ್ಣ ಸಂಖ್ಯೆ ಎಷ್ಟು ದೊಡ್ಡದಾದರೂ ಚಿಂತೆ ಇಲ್ಲ.

ಎಕ್ಸೆಲ್ ಬಳಸುವವರು ಸ್ವಲ್ಪ ಹುಷಾರು. ಕಾಲಂ ಚಿಕ್ಕದಿದ್ದರೆ ಸಂಖ್ಯೆಯ ನಡುವೆ ಇ ಅಕ್ಷರ ಬಂದು ಮೊಟಕಾಗುತ್ತದೆ. ಅದು ಬರೀ ತೋರಿಕೆ, ಕಾಲಂ ಅಗಲ ಮಾಡಿ ಫಾರ್ಮ್ಯಾಟ್ ಬದಲಿಸಿದರೆ ಸರಿಹೋಗುತ್ತದೆ. ನಿಜವಾದ ತೊಂದರೆ 15 ಅಂಕಿ ದಾಟಿದ ಮೇಲೆ. 12345678987654321 ಅಂತ ಹಾಕಿ ನೋಡಿ, ಕೊನೆಯ 21 ಹೋಗಿ 00 ಕೂತಿರುತ್ತದೆ. ಎಚ್ಚರಿಕೆಯ ಮಾತೂ ಬರುವುದಿಲ್ಲ. ಪ್ರೋಗ್ರಾಂ ಬರೆಯುವವರಿಗೆ: 32 ಬಿಟ್‌ನ ಡಬ್ಬಿಯಲ್ಲಿ ನಮ್ಮ ಸಂಖ್ಯೆ ಹಿಡಿಸುವುದಿಲ್ಲ, ಇದಕ್ಕೆ 34 ಬಿಟ್ ಬೇಕು.

ಯಂತ್ರ ಇಲ್ಲದಿದ್ದರೆ ಒಂಬತ್ತರ ತಾಳೆ ಇದೆ. ಉದಾಹರಣೆಗೆ 25375524993ರ ಅಂಕಿಗಳ ಮೊತ್ತ 54, ಮತ್ತೆ ಕೂಡಿದರೆ 9. ಗುಣಿಸಿದ 13, 57, 133, 183, 1407 ಇವುಗಳನ್ನು ಅದೇ ರೀತಿ ಒಂದು ಅಂಕಿಗೆ ಇಳಿಸಿದರೆ 4, 3, 7, 3, 3. ಗುಣಿಸಿದರೆ 756, ಅದರ ಮೊತ್ತ 18, ಮತ್ತೆ 9. ತಾಳೆಯಾಯಿತು. ಆದರೆ ಎರಡು ಅಂಕಿ ಅದಲುಬದಲಾಗಿದ್ದರೆ ಈ ಪರೀಕ್ಷೆಗೆ ಗೊತ್ತಾಗುವುದಿಲ್ಲ.

ನೀವೇ ಮಾಡಿ ನೋಡಲು

ಮುಂದಿನ ಸಂಖ್ಯೆ 1234567654321, ಅಂದರೆ 1111111ರ ವರ್ಗ. ಒಂದೇ ಒಂದು 1 ಜಾಸ್ತಿ, ಅಷ್ಟೇ ತಾನೇ ಅನ್ನಿಸುತ್ತದೆ. 3, 7, 11, 13, 37 ಯಾವುದೂ ಇಲ್ಲಿ ನಡೆಯುವುದಿಲ್ಲ. 2ರಿಂದ ಶುರುಮಾಡಿ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋದರೆ 51 ಸಲ ಶೇಷ ಉಳಿಯುತ್ತದೆ, 52ನೆಯದಾದ 239ರಲ್ಲಿ ಕೊನೆಗೂ ಸರಿಯಾಗಿ ಹೋಗುತ್ತದೆ. ಇನ್ನೊಂದು ಅಪವರ್ತನ 4649, ಅದೂ ಅವಿಭಾಜ್ಯ. ಒಟ್ಟು ಅಪವರ್ತನ ಒಂಬತ್ತೇ, ಲಂಬಕೋನ ತ್ರಿಕೋನ ಒಂದೇ. ಆ ತ್ರಿಕೋನದ ಬಾಹುಗಳನ್ನು ಹುಡುಕಿ. 4649ಕ್ಕೆ ಬೀಜ ಹುಡುಕುವಾಗ 68ರಿಂದ ಕೆಳಕ್ಕೆ ಬನ್ನಿ.